ಹತ್ತೊಂಬತ್ತು ಸಲ ಸತ್ತ ನಮ್ಮ ಮಾವ

ಆ ಭಾನುವಾರ ಬೆಳಿಗ್ಗೆಯೂ ಎಂದಿನಂತೆ ನಾನು ಕಾಫಿ ಸೋಸುತ್ತಿದ್ದೆ, ನಮ್ಮವರು ಪೇಪರಿನಲ್ಲಿ ಮುಳುಗಿದ್ದರು, ನನ್ನ ಸೋದರಮಾವ ಸೋಫಾದ ಮೇಲೆ ಸಾಯುತ್ತಿದ್ದರು. ಗಾಬರಿಯಾಗಬೇಡಿ! ಹಾಲಿವುಡ್ಡಿನ ಸಿನಿಮಾಗಳಲ್ಲಿ ಹತ್ತೊಂಬತ್ತು ಸಲ ಸತ್ತವರು ಅವರು. ಎಪ್ಪತ್ತರ ದಶಕದಲ್ಲಿ ಹಾಲಿವುಡ್ ಬಿಟ್ಟು ಹೋಬೋಕನ್ ಊರಿನ ನಮ್ಮ ಮನೆಗೆ ಬಂದು ನೆಲೆಸಿದ ಮೇಲೂ ಅಭ್ಯಾಸ ಬಿಟ್ಟಿರಲಿಲ್ಲ. ಕತ್ತಿಯೇಟಿಗೆ ಒಂದು ಬಗೆಯ ಸಾವು, ವಿಷಕ್ಕೆ ಇನ್ನೊಂದು. ಬೀಳುವುದು ಮಾತ್ರ ಯಾವಾಗಲೂ ಎಡಕ್ಕೆ. ಬಲಕ್ಕೆ ಬಿದ್ದರೆ ನಾಯಕನ ಮುಖಕ್ಕೆ ಮರೆಯಾಗುತ್ತದಂತೆ!

ಮೂವತ್ತು ವರ್ಷದಲ್ಲಿ ಅವರು ಏನೇನಾಗಿರಲಿಲ್ಲ? ಹಾವಾಡಿಗ, ಸುಲ್ತಾನನ ಕಾವಲುಗಾರ, ಒಂಟೆ ವ್ಯಾಪಾರಿ. ಪಾತ್ರ ಬದಲಾಗುತ್ತಿತ್ತು, ಪೇಟ ಅದೇ. ಕ್ಯಾಮೆರಾ ಕಡೆ ನೋಡಬಾರದೆಂಬ ಶಿಸ್ತು ಎಷ್ಟು ಮೈಗೂಡಿತ್ತೆಂದರೆ, ನಮ್ಮ ಆಲ್ಬಮ್ಮಿನ ಒಂದು ಫೋಟೋದಲ್ಲೂ ಅವರ ಪೂರ್ತಿ ಮುಖವಿಲ್ಲ. ಮಗಳ ಹುಟ್ಟುಹಬ್ಬದ ಚಿತ್ರದಲ್ಲಿ ಎಲ್ಲರೂ ನಗುತ್ತಿದ್ದರೆ, ಮಾವ ಒಬ್ಬರು ಕಿಟಕಿಯಾಚೆ ಶತ್ರುಸೈನ್ಯ ಕಂಡವರ ಹಾಗೆ ನಿಂತಿದ್ದಾರೆ!

ಅವರಿಗೆ ಒಂದೇ ಕೊರಗು. ಮಾತಿರುವ ಪಾತ್ರ ಸಿಕ್ಕಿದ್ದು ಒಮ್ಮೆ ಮಾತ್ರ, ಹಕೀಮನದು, ಅದೂ ನಾಲ್ಕೇ ವಾಕ್ಯ. ಆ ಚಿತ್ರವನ್ನು ನಮ್ಮ ಮನೆತನದಲ್ಲಿ ಯಾರೂ ನೋಡಿರಲಿಲ್ಲ. ಮೈಸೂರಿನಲ್ಲಿ ಅಮ್ಮ, "ಬಾಯಿ ಮುಚ್ಕೊಂಡು ನಿಲ್ಲೋಕೆ ನಮ್ಮಣ್ಣ ಸಮುದ್ರ ದಾಟಿ ಹೋದ" ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ಆ ಮಧ್ಯಾಹ್ನ ನಾಲ್ಕಕ್ಕೆ ಅದೇ ಚಿತ್ರ ಟಿ.ವಿ.ಯಲ್ಲಿ! ಜಂಬ ಪಾಪವೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ವಾರವಿಡೀ ಫೋನ್ ಮಾಡಿ ಮಾಡಿ ನಾನು ಆ ಪಾಪ ಕಟ್ಟಿಕೊಂಡಿದ್ದೆ. ಮೂರು ಕನ್ನಡದ ಸಂಸಾರಗಳು ಬಂದು ಕೂತವು. ಮಾವ ಸೂಟು ತೊಟ್ಟು, ಟೈ ಕಟ್ಟಿ, ಯಾರ ನೋಟಕ್ಕೂ ಅಡ್ಡವಾಗದಂತೆ ಎಲ್ಲರ ಹಿಂದೆ ನಿಂತರು.

ಹಕೀಮ ಬಂದ. ಕಾಯಿಲೆಯ ಮಗುವಿನ ನಾಡಿ ಹಿಡಿದ. ಆ ಪುಟ್ಟ ಕೈಯನ್ನು ಮೆಲ್ಲಗೆ ಕಂಬಳಿಯೊಳಗೆ ಸೇರಿಸಿದ. ತಾಯಿಯ ಕಡೆ ತಿರುಗಿ ಬಾಯಿ ತೆರೆದ. ಅಷ್ಟರಲ್ಲಿ ಸೋಪಿನ ಜಾಹೀರಾತು! ಮತ್ತೆ ಚಿತ್ರ ಶುರುವಾದಾಗ ಮಗುವಿನ ಸಮಾಧಿಗೆ ಹೂವಿಡುತ್ತಿದ್ದರು. ಜಾಹೀರಾತಿಗೆ ಜಾಗ ಮಾಡಲು ಟಿ.ವಿ.ಯವರು ಮಾವನ ನಾಲ್ಕೂ ವಾಕ್ಯ ಕತ್ತರಿಸಿದ್ದರು.

ಕೋಡುಬಳೆ ಕಡಿಯುವ ಸದ್ದೂ ನಿಂತಿತು. ಹಿಂದೆ ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

"ಆ ಸೋಪಿನ ಹುಡುಗಿ ಚೆನ್ನಾಗಿ ಮಾಡಿದಳು ಕಣಮ್ಮ," ಎಂದರು ಮಾವ. "ಮುಖದ ತುಂಬ ನೊರೆ ಇದ್ದರೂ ಕಣ್ಣು ಮಿಟುಕಿಸಲಿಲ್ಲ."

ಎಲ್ಲರೂ ನಕ್ಕರು. ಮಾವ ಟೈ ಬಿಚ್ಚಿ ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

ಸಂಜೆ ಮೇಲಿನ ಮನೆಯ ಇಟಾಲಿಯನ್ ಅಜ್ಜಿ ನಮ್ಮ ಡಬ್ಬಿ ವಾಪಸು ಕೊಡಲು ಬಂದರು. ಹೊಸದಾಗಿ ಬಂದವರು, ಮಾವ ಸಿನಿಮಾದವರೆಂದು ಅವರಿಗೆ ತಿಳಿಯದು. ಮಾವ ಸಿಂಕಿನ ಮುಂದೆ ಬೆನ್ನು ಹಾಕಿ ಲೋಟ ತೊಳೆಯುತ್ತಿದ್ದರು. ಹೊರಟ ಅಜ್ಜಿ ಬಾಗಿಲಲ್ಲಿ ನಿಂತು, ಇವತ್ತು ಯಾವುದೋ ಹಳೇ ಸಿನಿಮಾ ನೋಡಿ ಅತ್ತುಬಿಟ್ಟೆ ಎಂದರು.

"ಒಬ್ಬ ವೈದ್ಯ ಮಗುವಿನ ಕೈಯನ್ನ ಕಂಬಳಿಯೊಳಗೆ ಇಟ್ಟ, ಅಷ್ಟೇ."

ಸಿಂಕಿನ ನಲ್ಲಿ ನಿಂತಿತು.

"ಆಮೇಲೆ ಆ ತಾಯಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ, ನೋಡು."