ಮೇಷ್ಟ್ರು ಮಾತಾಡದ ಪಾಠ

ಫಕೀರೇಶನ ಪೇಚಾಟಕ್ಕೆಲ್ಲ ಕಾರಣ ಇ-ಮೇಲಿನ ಕೊನೆಯ ಸಾಲು: ‘ಮೂವತ್ತು ನಿಮಿಷದ ತರಗತಿಯಲ್ಲಿ ಶಿಕ್ಷಕರು ಏಳೂವರೆ ನಿಮಿಷಕ್ಕಿಂತ ಹೆಚ್ಚು ಮಾತಾಡುವಂತಿಲ್ಲ. ಉಳಿದ ಹೊತ್ತು ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಮಾತಾಡಬೇಕು.’

ಫಕೀರೇಶ ರೋಣದ ಹುಡುಗ. ಬಿ.ಇಡಿ. ಓದುತ್ತ ಗೋವಿಂದರಾಜನಗರದ ನಂಜುಂಡಪ್ಪನವರ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದ. ಇಂಗ್ಲಿಷ್ ಮೇಷ್ಟ್ರಾಗುವವರಿಗೆ ವಿಯೆಟ್ನಾಮಿನ ಕಾಲೇಜೊಂದರಲ್ಲಿ ಆರು ವಾರ ಪಾಠ ಮಾಡಿ ಪಳಗುವ ಅವಕಾಶ. ಸೀಟು ಒಂದೇ. ಕಣದಲ್ಲಿ ಉಳಿದವರು ಅವನು ಮತ್ತು ಸಹಪಾಠಿ ಯೋಗಾನಂದ. ಇಬ್ಬರೂ ಇಂಗ್ಲಿಷ್ ಅಷ್ಟಾಗಿ ಬಾರದವರನ್ನು ಕೂರಿಸಿಕೊಂಡು ಪಾಠ ಮಾಡಬೇಕು; ಆ ಇ-ಮೇಲ್ ಕಳಿಸಿದ ಅಲ್ಲಿನ ಪರೀಕ್ಷಕಿ ಲಾನ್ ಮೇಡಂ ಅದನ್ನು ವಿಡಿಯೊ ಕಾಲಿನಲ್ಲಿ ನೋಡುತ್ತಾರೆ.

ಮಾತಾಡುವ ವಿದ್ಯಾರ್ಥಿಗಳನ್ನು ಎಲ್ಲಿಂದ ತರುವುದು? ಅವನು ಓದಿದ ಶಾಲೆಯಲ್ಲಿ ಮಾತಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಭಾನುವಾರ ಹನ್ನೊಂದಕ್ಕೆ ಮನೆ ಮಾಲೀಕರ ನಡುಮನೆಯಲ್ಲಿ ಮೂವರು ವಿದ್ಯಾರ್ಥಿಗಳು ಕುಳಿತರು: ನಂಜುಂಡಪ್ಪ, ಅವರ ಹೆಂಡತಿ ಚಿಕ್ಕಲಕ್ಷ್ಮಮ್ಮ, ಪಕ್ಕದ ಮನೆಯ ಡೆಲಿವರಿ ಹುಡುಗ ಭೈರೇಶ್. ಫೋನಿನ ಪರದೆಯಲ್ಲಿ ಲಾನ್ ಮೇಡಂ ಸ್ಟಾಪ್‌ವಾಚ್ ಹಿಡಿದಿದ್ದರು. ಪಾಠ: ತರಕಾರಿ ಕೊಳ್ಳುವುದು. ಫಕೀರೇಶ ಎರಡು ರಾತ್ರಿ ಕೂತು ಬಣ್ಣ ಹಚ್ಚಿದ್ದ ಬೆಂಡೆಕಾಯಿ ಚಿತ್ರವನ್ನು ಎತ್ತಿ ಹಿಡಿದ.

“ಆಂಟಿ, ನೀವು ಗಿರಾಕಿ. ಇದನ್ನ ಇಂಗ್ಲಿಷಿನ್ಯಾಗ ಕೇಳಿ ತಗೋರಿ.”

ಚಿಕ್ಕಲಕ್ಷ್ಮಮ್ಮ ಚಿತ್ರವನ್ನು ತಿರುಗಿಸಿ ಹಿಂದುಮುಂದು ನೋಡಿದರು. “ಎಳೇದೋ ಬಲಿತಿರೋದೋ ಹೆಂಗಪ್ಪಾ ಗೊತ್ತಾಗುತ್ತೆ? ತುದಿ ಮುರಿದು ನೋಡ್ಬೇಡ್ವಾ?”

ಅಷ್ಟರಲ್ಲಿ ಬೀದಿಯಿಂದ ತರಕಾರಿ ಮಾರುವ ಪಾರವ್ವನ ತಳ್ಳುಗಾಡಿಯ ಕೂಗು ಕೇಳಿಸಿತು. ಆಕೆ ಎದ್ದು ಹೊರಟೇಬಿಟ್ಟರು. ಹಿಂದೆಯೇ ಗಂಡ. ಭೈರೇಶ್ ಫೋನು ಎತ್ತಿಕೊಂಡು ಓಡಿದ. “ಬಾ ಗುರು, ಕ್ಲಾಸು ಹೊರಗೋಯ್ತು!”

ಫಕೀರೇಶ ಓಡಿ ಹೋಗಿ ಪಾರವ್ವನ ಕಿವಿಯಲ್ಲಿ ಬೇಡಿಕೊಂಡ. “ಯಕ್ಕಾ, ಇಂಗ್ಲಿಷಿನ್ಯಾಗ ಮಾತಾಡು. ನನ್ನ ಜೀವನದ ಪ್ರಶ್ನೆ ಐತಿ.”

“ಅದೇನ್ ದೊಡ್ಡದೋ ತಮ್ಮಾ, ದಿನಾ ಅಪಾರ್ಟ್‌ಮೆಂಟಿನ ಮಂದಿ ಕೂಡ ಅದ ಮಾತಾಡ್ತೀನಿ,” ಎಂದ ಪಾರವ್ವ, ಚಿಕ್ಕಲಕ್ಷ್ಮಮ್ಮ ಮೊದಲ ಬೆಂಡೆಕಾಯಿಯ ತುದಿ ಮುರಿದದ್ದೇ ಗುಡುಗಿದಳು: “ನೋ ಬ್ರೇಕ್! ಯೂ ಬ್ರೇಕ್, ಯೂ ಟೇಕ್!”

“ವೈ ಟೇಕ್? ದಿಸ್ ಓಲ್ಡ್! ಲೈಕ್ ಮೈ ಹಸ್ಬೆಂಡ್!”

“ನೋ ನೋ!” ನಂಜುಂಡಪ್ಪ ಎದೆ ಮುಂದೆ ಮಾಡಿದರು. “ಐ ಫ್ರೆಶ್!”

ಫಕೀರೇಶ ಬಾಯಿ ಹಾಕಿದ. “ರಿಪೀಟ್ ಆಫ್ಟರ್ ಮಿ, ದಿಸ್ ಈಸ್...”

“ಸುಮ್ನಿರಪ್ಪ ಸ್ವಲ್ಪ, ವ್ಯಾಪಾರ ನಡೀತಿದೆ,” ಎಂದರು ಚಿಕ್ಕಲಕ್ಷ್ಮಮ್ಮ.

ಹಾಲು ತರಲು ಹೊರಟಿದ್ದವರು, ನಾಯಿ ತಿರುಗಿಸುತ್ತಿದ್ದವರು, ಎಲ್ಲರೂ ನಿಂತರು. ಪಾಠ ಇಂಗ್ಲಿಷಿನಲ್ಲಿ ಎಂದು ಭೈರೇಶ್ ಸಾರಿದ ಮೇಲಂತೂ ಬೀದಿಗೆ ಬೀದಿಯೇ ಹುರುಪೆದ್ದಿತು. ಒಬ್ಬರು ಬದನೆಕಾಯಿಯ ಹುಳ ತೋರಿಸಿ “ಇನ್‌ಸೈಡ್ ಒನ್ ಫ್ಯಾಮಿಲಿ!” ಎಂದರು. ನಂಜುಂಡಪ್ಪ ಗಾಡಿ ತಮ್ಮ ಗೇಟಿಗೆ ಅಡ್ಡ ನಿಂತದ್ದನ್ನು ಆಗಷ್ಟೇ ಕಂಡು, “ಮೈ ಗೇಟ್! ಮೈ ಕಾರ್! ಹೌ ಗೋ?” ಎಂದು ಹೊಸ ಅಧ್ಯಾಯ ತೆರೆದರು. ಬಸ್ಸು ನಿಲ್ಲಿಸದ ಸ್ಟಾಪಿನಲ್ಲಿ ಕೈ ಚಾಚಿ ನಿಂತವನಂತೆ ಫಕೀರೇಶ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ.

ಮೂವತ್ತು ನಿಮಿಷ ಮುಗಿಯಿತು. ಹದಿನೈದು ನಿಮಿಷದಲ್ಲಿ ಫಲಿತಾಂಶ ಹೇಳುವುದಾಗಿ ತಿಳಿಸಿ ಲಾನ್ ಮೇಡಂ ಮರೆಯಾದರು.

“ಮುಗೀತ್ರೀ ನನ್ನ ಕಥಿ,” ಎಂದು ಫಕೀರೇಶ ಗೇಟಿಗೆ ಒರಗಿದ.

ಫೋನು ಮತ್ತೆ ಹೊಡೆದುಕೊಂಡಿತು. ಪರದೆಯಲ್ಲಿ ಲಾನ್ ಮೇಡಂ ಹೊಳೆಯುತ್ತಿದ್ದರು. ಅವರ ಲೆಕ್ಕ ನಿಖರವಾಗಿತ್ತು: ಫಕೀರೇಶ ಮಾತಾಡಿದ್ದು ಒಂದು ನಿಮಿಷ ನಲವತ್ತು ಸೆಕೆಂಡು. ಹದಿನಾಲ್ಕು ವರ್ಷದಲ್ಲಿ ಇಂಥ ತರಗತಿ ನೋಡಿರಲಿಲ್ಲವಂತೆ. ನೂರಕ್ಕೆ ನೂರು.

ಬೀದಿ ಸಿಳ್ಳೆ ಹೊಡೆಯಿತು. ಭೈರೇಶ್ ಅವನನ್ನು ಹೆಗಲಿಗೇರಿಸಿದ. “ವಿಯೆಟ್ನಾಮ್ ಕಣೋ ಮಗಾ!” ಪಾರವ್ವ ಕಣ್ಣೊರೆಸಿಕೊಂಡಳು.

ಹೆಗಲ ಮೇಲಿಂದಲೇ ಫಕೀರೇಶ ಕೇಳಿದ, ಹೊರಡುವುದು ಯಾವತ್ತು ಎಂದು.

ಮೇಡಂ ಅಚ್ಚರಿಪಟ್ಟರು. ಇದು ಅಭ್ಯಾಸದ ಅಗತ್ಯವಿರುವವರ ಸೀಟಲ್ಲವೇ? ಯೋಗಾನಂದ ತನ್ನ ತರಗತಿಯಲ್ಲಿ ಒಬ್ಬನೇ ಇಪ್ಪತ್ತೊಂಬತ್ತು ನಿಮಿಷ ಮಾತಾಡಿದ್ದಾನೆ. ಕಲಿಯಬೇಕಾದ್ದು ಅವನಿಗೆ ಬಹಳವಿದೆ, ಅವನೇ ಬರುತ್ತಾನೆ. ಫಕೀರೇಶನಿಗೆ ಕಲಿಸುವುದು ಇನ್ನೇನೂ ಉಳಿದಿಲ್ಲ. ಬದಲಿಗೆ ತಮ್ಮ ಆರು ಜನ ತರಬೇತಿ ಮೇಷ್ಟ್ರುಗಳನ್ನು ಆರು ವಾರ ಅವನ ಬಳಿಗೇ ಕಳಿಸುತ್ತಾರಂತೆ. ಅಲ್ಲಿನ ವಿದ್ಯಾರ್ಥಿಗಳು ಬಾಯೇ ಬಿಡುವುದಿಲ್ಲವಂತೆ.

ಭೈರೇಶ್ ಮೆಲ್ಲಗೆ ಅವನನ್ನು ಕೆಳಗಿಳಿಸಿದ.

ನಂಜುಂಡಪ್ಪನವರ ಮುಖ ಮಾತ್ರ ಅರಳಿತ್ತು. “ಫಾರಿನ್ನಿಂದ ನಮ್ಮ ಮನೆಗಾ! ಫಕೀರೇಶ, ಹೆಂಗೂ ಆರು ವಾರ ನೀನು ಇರಲ್ಲ ಅಂದಿದ್ಯಲ್ಲಯ್ಯ. ಮಹಡಿ ರೂಮು ಅವರಿಗೇ ಆಗ್ಲಿ ಬಿಡು. ನಿನ್ನ ಸಾಮಾನು ಯಾವತ್ತು ಇಳಿಸ್ತೀಯ?”