ಅಜ್ಜನ ಸೀಟು ಬದಲಿಸಿದ್ದು

ಮನುಷ್ಯ ಹೋದ ಮೇಲೆ ಅವನ ಸಾಮಾನುಗಳನ್ನು ಏನು ಮಾಡಬೇಕೆಂದು ನಾನು ಕಲಿತ ಊರ ಶಾಲೆಯಲ್ಲಂತೂ ಹೇಳಿಕೊಡಲಿಲ್ಲ. ಅಂಗಿ, ಧೋತರ, ಚಪ್ಪಲಿಗಳನ್ನು ಯಾರಿಗಾದರೂ ಕೊಡಬಹುದು, ಕೊಟ್ಟೆ ಕೂಡ. ಆದರೆ ಅವನು ಕೂತು ಕೂತು ತಗ್ಗು ಮಾಡಿದ ಜಾಗವನ್ನು ಯಾರಿಗೆ ಕೊಡುವುದು? ಮೊಮ್ಮಕ್ಕಳೇ, ನಮ್ಮ ವ್ಯಾನಿನ ಡ್ರೈವರ್ ಸೀಟಿನ ಸಂಗತಿ ಹೇಳುತ್ತಿದ್ದೇನೆ.

ನಿಮ್ಮಜ್ಜ ಆ ವ್ಯಾನಿನಲ್ಲಿ ತಿರ್ಲಾಪುರದಿಂದ ನವಲಗುಂದದ ಸಂತೆಗೆ ಜನರನ್ನು ಒಯ್ಯುತ್ತಿದ್ದರು. ಉದ್ದ ಆಳು. ಸೀಟು ಪೂರ್ತಿ ಹಿಂದಕ್ಕೆ ಹೋಗಬೇಕು. ನಿಮ್ಮಪ್ಪ ನನ್ನ ಹಾಗೆ ಗಿಡ್ಡ. ಅಜ್ಜ ತೀರಿಕೊಂಡ ಮೇಲೆ ಅವನು ಮೊದಲ ಸಲ ಗಾಡಿ ಹತ್ತಿ ಸೀಟನ್ನು ಮುಂದಕ್ಕೆ ಎಳೆಯಹೋದಾಗ, ಅದು ಅಲ್ಲೇ ಇರಲಿ ಎಂದುಬಿಟ್ಟೆ. ನಾಲ್ಕು ದಿನದ ಮಟ್ಟಿಗೆ ಹೇಳಿದ ಮಾತು. ಅವನು ಒಳಗೆ ಹೋಗಿ ನನ್ನ ತಲೆದಿಂಬು ತಂದು ಬೆನ್ನ ಹಿಂದೆ ಇಟ್ಟುಕೊಂಡ. ದಿಂಬು ವರ್ಷಗಟ್ಟಲೆ ಅಲ್ಲೇ ಉಳಿಯಿತು. ನಾನು ಸೀರೆ ಮಡಚಿ ತಲೆಗಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ತುದಿಗಾಲಿನಲ್ಲಿ ಬ್ರೇಕ್ ಹುಡುಕುವ ಅವನನ್ನು ಕಂಡು, ಬಾಣಂತಿ ಒರಗಿ ಕೂತ ಹಾಗೆ ಗಾಡಿ ಹೊಡೆಯುತ್ತಾನೆಂದು ಓಣಿಯ ಹೆಂಗಸರು ನಗುತ್ತಿದ್ದರು. ಅವನು ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ.

ಮೊನ್ನೆ ಗಾಡಿಯ ಪಾಸಿಂಗ್ ಇತ್ತು, ಅಂದರೆ ಸರಕಾರದವರ ತಪಾಸಣೆ. ಧಾರವಾಡದಲ್ಲಿ ತಂಗಿಯ ಮನೆ ಇದೆಯೆಂದು ನಾನೂ ಹೊರಟೆ. ತಪಾಸಣೆಯ ಸಾಹೇಬರು ದಿಂಬನ್ನು ಎತ್ತಿ ನೋಡಿದರು, ನಿಮ್ಮಪ್ಪನನ್ನು ನೋಡಿದರು, ಆಮೇಲೆ ಗಾಡಿಯ ನಂಬರನ್ನು ಮೊಬೈಲಿನಲ್ಲಿ ಹೊಡೆದರು. ಈ ಮಾದರಿಯ ಗಾಡಿಗಳ ಸೀಟಿನ ಕೆಳಗಿನ ಲಾಕಿನಲ್ಲಿ ದೋಷವಿದೆ, ಕಂಪನಿಯವರು ಎಲ್ಲವನ್ನೂ ವಾಪಸ್ ಕರೆದು ಪುಕ್ಕಟೆ ಸೀಟು ಬದಲಿಸಿಕೊಡುತ್ತಿದ್ದಾರೆ, ನೀವ್ಯಾಕೆ ಹೋಗಿಲ್ಲ ಎಂದು ಕೇಳಿದರು. ಗಾಡಿ ನಿಮ್ಮಪ್ಪನ ಹೆಸರಿಗೆ ಆಗಿದ್ದರೂ ಕಂಪನಿಯವರ ಹತ್ತಿರ ಇದ್ದದ್ದು ನಿಮ್ಮಜ್ಜನ ಫೋನ್ ನಂಬರು. ಆ ಫೋನು ನನ್ನ ಕಪಾಟಿನಲ್ಲಿ ಸೀರೆಗಳ ನಡುವೆ ಮಲಗಿದೆ.

ಪರಗಂಡಸರೊಡನೆ ಮಾತಾಡಲು ನನಗೆ ಇಂದಿಗೂ ನಾಚಿಕೆ. ಆದರೆ ಸೀಟು ಬದಲಿ ಎಂದ ಕೂಡಲೇ ಬಾಯಿ ತಾನೇ ತೆರೆಯಿತು.

“ನಾವ ಅದನ್ನ ಒಂದೀಟೂ ಸರಸಿಲ್ರಿ ಸಾಹೇಬ್ರ. ತಾನ ಹೆಂಗ ಸರೀತೈತ್ರಿ?”

“ಜೋರ್ ಬ್ರೇಕ್ ಒತ್ತಿದಾಗ ಮುಂದಕ್ಕ ಜಾರತೈತ್ರಿ ಅಮ್ಮಾರ. ಇವರ ಕಾಲು ಮೊದಲೇ ಬ್ರೇಕಿಗೆ ಮುಟ್ಟವಲ್ದು. ಹಿಂದ ಯಾರ್ ಕೂಡ್ತಾರ್ರಿ?”

“ನನ್ನ ಹುಡುಗ್ರು, ಸಾಲಿಗೆ ಹೋಗಾಗ,” ಎಂದ ನಿಮ್ಮಪ್ಪ, ನನ್ನ ಕಡೆ ನೋಡದೆ.

ನಾನೇ ಮೊದಲು ಗಾಡಿ ಹತ್ತಿ ಕೂತೆ. ತಂಗಿಯ ಮನೆಗೂ ಹೋಗಲಿಲ್ಲ. ನೆಟ್ಟಗೆ ಹುಬ್ಬಳ್ಳಿಯ ಶೋರೂಮಿಗೆ ಹೋದೆವು.

ಹಳೆಯ ಸೀಟನ್ನು ಬಿಚ್ಚಿ ನೆಲದ ಮೇಲಿಟ್ಟರು. ಅದನ್ನು ಮನೆಗೆ ಒಯ್ಯುತ್ತೇನೆಂದೆ, ಪಡಸಾಲೆಯಲ್ಲಿ ಒಂದು ಮೂಲೆಗೆ ಇರಲೆಂದು. ಕೊಡಲು ಬರುವುದಿಲ್ಲ, ಅದು ಕಂಪನಿಗೆ ಹೋಗಬೇಕು ಎಂದರು. ಮೆಕ್ಯಾನಿಕ್ ಎತ್ತಲು ಬಂದಾಗ ನನಗೇನಾಯಿತೋ, ಹೋಗಿ ಅದರ ಮೇಲೆ ಕೂತುಬಿಟ್ಟೆ. ನಿಮ್ಮಜ್ಜ ಇದ್ದಾಗ ಒಮ್ಮೆಯೂ ಕೂತವಳಲ್ಲ. ತಗ್ಗು ನನಗೆ ದೊಡ್ಡದಾಯಿತು. ಸುತ್ತಲೂ ಜಾಗ ಉಳಿಯಿತು. ಶೋರೂಮಿನವರೆಲ್ಲ ನಿಂತು ನೋಡುತ್ತಿದ್ದರು. ನಿಮ್ಮಪ್ಪ ಬಾಜು ಬಂದು ಕುಕ್ಕರಗಾಲಿನಲ್ಲಿ ಕೂತು, “ಸಾಕಾದ ಮ್ಯಾಲ ಏಳ ಬೇ ಯವ್ವಾ, ಅವಸರಿಲ್ಲ,” ಎಂದ.

ಅದು ಸಾಕಾಗುವಂಥದ್ದಲ್ಲ. ಆದರೆ ಶಾಲೆ ಬಿಟ್ಟ ಮೇಲೆ ನೀವು ಗಾಡಿಯ ದಾರಿ ಕಾಯುತ್ತಿರುತ್ತೀರೆಂದು ಎದ್ದೆ.

ಬರುವಾಗ ನಿಮ್ಮಪ್ಪ ಹೊಸ ಸೀಟನ್ನು ತನಗೆ ಬೇಕಾದಷ್ಟು ಮುಂದೆ ಎಳೆದುಕೊಂಡು, ಕಾಲು ಊರಿ, ಜಬರ್ದಸ್ತಾಗಿ ಗಾಡಿ ಹೊಡೆದ. ಅವನ ಹಿಂದೆ ನನ್ನ ಯಾವತ್ತಿನ ಜಾಗದಲ್ಲಿ ನಾನು. ಗಾಡಿ ಕೊಂಡಾಗಿನಿಂದ ಆ ಸೀಟಿನ ಬೆನ್ನು ನನ್ನ ಮೊಣಕಾಲಿಗೆ ಒತ್ತುತ್ತಿತ್ತು. ಚೂರು ಮುಂದೆ ಸರಿಯಿರೆಂದು ನಿಮ್ಮಜ್ಜನೊಡನೆ ಎಷ್ಟು ಜಗಳ ಕಾದಿದ್ದೆನೋ. ಈಗ ಎದುರಿಗೆ ಎಮ್ಮೆ ಕಟ್ಟುವಷ್ಟು ಜಾಗ. ಆರಾಮಾಗಿ ಕಾಲು ಚಾಚಬಹುದಿತ್ತು. ನಾನು ಮಾತ್ರ ತಿರ್ಲಾಪುರ ಮುಟ್ಟುವವರೆಗೂ ಮಡಚಿಕೊಂಡೇ ಕೂತಿದ್ದೆ.