ರತ್ನಮ್ಮ, ಹಿಂದೂಪುರ

ನಮ್ಮ ಕಡೆ ಹೆಸರಿಲ್ಲದ ಮನುಷ್ಯ ಬೇಕಾದರೆ ಸಿಕ್ಕಾನು, ಹೆಸರಿಲ್ಲದ ಸ್ಟೀಲ್ ಪಾತ್ರೆ ಸಿಗಲಾರದು. ಹಿಂದೂಪುರದ ಯಾವ ಪಾತ್ರೆ ಅಂಗಡಿಯಲ್ಲಿ ಒಂದು ಲೋಟ ಕೊಂಡರೂ, ಅದನ್ನು ಕಾಗದದಲ್ಲಿ ಸುತ್ತುವ ಮೊದಲು ಯಾವ ಹೆಸರು ಹಾಕಬೇಕೆಂದು ಕೇಳುತ್ತಾರೆ. ಆಮೇಲೆ ದಪ್ಪ ಪೆನ್ನಿನಂಥ ಮಷಿನ್ನನ್ನು ಕೈಗೆತ್ತಿಕೊಂಡು, ಗುರ್ರೆನ್ನುವ ಅದರ ಮುಳ್ಳಿನಿಂದ ಲೋಟದ ಮೈಮೇಲೆ ಚುಕ್ಕೆ ಚುಕ್ಕೆಯಾಗಿ ಅಕ್ಷರ ಕೊರೆಯುತ್ತಾರೆ. ಈ ಹೆಸರು ಅಲಂಕಾರಕ್ಕಲ್ಲ. ಮದುವೆ, ಗೃಹಪ್ರವೇಶ, ತಿಥಿ ಎಂದು ಪಾತ್ರೆಗಳು ಮನೆಯಿಂದ ಮನೆಗೆ ಓಡಾಡುತ್ತಲೇ ಇರುತ್ತವೆ. ಹೆಸರಿರುವುದು ಎಲ್ಲಿದ್ದರೂ ಎರವಲಿಗೆ ಹೋದದ್ದು, ಎಂದಾದರೂ ಮರಳಬೇಕಾದದ್ದು. ಬೇರೆಯವರ ಹೆಸರಿನ ಪಾತ್ರೆ ನಮ್ಮ ಅಡುಗೆಮನೆಯಲ್ಲಿ ಕಂಡರೆ ಅದು ಕಳ್ಳತನವಲ್ಲ, ಆದರೆ ಬಂದವರಿಗೆಲ್ಲ ವಿವರಣೆ ಕೊಡಬೇಕಾಗುತ್ತದೆ.

ಹೆಸರಿನ ವಿಷಯದಲ್ಲಿ ನಾನು ಈ ಪದ್ಧತಿಗೆ ಸೇರಿದವಳಲ್ಲ. ಯಾರಾದರೂ ನನ್ನ ಹೆಸರನ್ನು ಗಟ್ಟಿಯಾಗಿ ಕರೆದರೆ ಏನೋ ತಪ್ಪು ಮಾಡಿದ್ದೇನೆ ಅನ್ನಿಸುತ್ತದೆ. ನಾನು ಡಿಗ್ರಿ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ನನ್ನ ದನಿ ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲವೆಂಬ ದೂರು ಹಳೆಯದು. ಇಂಥವಳು ರಜೆಯ ದಿನಗಳಲ್ಲಿ ರಾಕ್ ಬ್ಯಾಂಡೊಂದರ ಜೊತೆ ಊರೂರು ತಿರುಗಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಳೆಂದರೆ ಜನ ನಗುತ್ತಾರೆ. ನನಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಗಂಟಲಲ್ಲೇ ನಿಂತುಬಿಡುವ ಮಾತುಗಳಿಗೆ ಹೊರಬರಲು ಬೇರೊಂದು ದಾರಿ ಬೇಕು, ಆ ದಾರಿಯ ಕೊನೆಯಲ್ಲಿ ಆಂಪ್ಲಿಫೈಯರ್ ಇದ್ದರೆ ಇನ್ನೂ ಅನುಕೂಲ. ಒಂದೇ ಷರತ್ತೆಂದರೆ ಪೋಸ್ಟರಿನಲ್ಲಿ ನನ್ನ ಹೆಸರು ಹಾಕಬಾರದು. ಅವರು 'ಗಿಟಾರ್' ಎಂದಷ್ಟೇ ಬರೆದು ಬಿಟ್ಟುಬಿಡುತ್ತಿದ್ದರು.

ನನ್ನ ಸಾಮಾನೆಂದರೆ ಒಂದು ಗಿಟಾರ್, ಪೆಟ್ಟಿಗೆಯಂಥ ಆಂಪ್ಲಿಫೈಯರ್, ಮತ್ತೆ ಪೆಡಲುಗಳು. ಪೆಡಲ್ ಎಂದರೆ ಕಾಲಿನಿಂದ ಒತ್ತುವ ಸಣ್ಣ ಲೋಹದ ಡಬ್ಬಿ. ಒಂದು ಗಿಟಾರಿನ ದನಿಯನ್ನು ಒರಟು ಮಾಡುತ್ತದೆ, ಇನ್ನೊಂದು ಅದಕ್ಕೆ ಬಾವಿಯೊಳಗಿನ ಪ್ರತಿಧ್ವನಿ ಕೊಡುತ್ತದೆ. ಅಮ್ಮ ಅವನ್ನು 'ನಿನ್ನ ಟಿಫನ್ ಬಾಕ್ಸುಗಳು' ಎನ್ನುತ್ತಾಳೆ. ಅಮ್ಮನೂ ನನ್ನ ಹಾಗೆಯೇ ಮಿತಭಾಷಿ. ನಾನು ನುಡಿಸಲು ಕೂತಾಗ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಶಬ್ದ ಜಾಸ್ತಿ ಆಯ್ತು."

ಕಳೆದ ವರ್ಷ ಬ್ಯಾಂಡ್ ನಿಂತುಹೋಯಿತು. ಜಗಳವೇನೂ ಆಗಲಿಲ್ಲ. ಒಬ್ಬರು ಫೋನ್ ಎತ್ತುವುದನ್ನು ಬಿಟ್ಟರು, ಇನ್ನೊಬ್ಬರು ಮಾಡುವುದನ್ನು ಬಿಟ್ಟರು. ಆಂಪ್ಲಿಫೈಯರ್ ನಡುಮನೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ಕೂತಿತು. ಮೊದಮೊದಲು ಅದನ್ನು ನೋಡಿದರೆ ಕೈ ತುಡಿಯುತ್ತಿತ್ತು, ಆಮೇಲೆ ಅದೂ ನಿಂತಿತು. ಕೈ ಸುಮ್ಮನಾದದ್ದು ನನಗೆ ಹೆದರಿಕೆ ತಂದಿತು. ಎಲ್ಲವನ್ನೂ ಮಾರಿ, ಆ ಅಧ್ಯಾಯವನ್ನೇ ಮುಗಿಸಿಬಿಡೋಣವೆಂದು ನಿಶ್ಚಯಿಸಿದೆ. ಇನ್ನೊಬ್ಬರ ಜೊತೆ ಸೇರಿ ನುಡಿಸುವ ಕಾಲ ನನ್ನ ಪಾಲಿಗೆ ಮುಗಿಯಿತೆಂದುಕೊಂಡೆ. ಕಲ್ಯಾಣದುರ್ಗದಲ್ಲಿರುವ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಗಿರಾಕಿಯನ್ನು ಹುಡುಕಿಕೊಟ್ಟಳು. ಅವಳ ಬೀದಿಯಲ್ಲೇ ಮದುವೆಗಳಿಗೆ ಆರ್ಕೆಸ್ಟ್ರಾ ನಡೆಸುವ ತಿಪ್ಪೇಸ್ವಾಮಿ ಎಂಬುವರು. ಅಮ್ಮನಿಗೆ ಹೇಳಬೇಡವೆಂದು ಚಿಕ್ಕಮ್ಮನಿಗೆ ಹೇಳಿದೆ. ಅಮ್ಮನ ಹತ್ತಿರ, ಕಲ್ಯಾಣದುರ್ಗದ ಮದುವೆಯೊಂದರಲ್ಲಿ ನುಡಿಸುವುದಿದೆ ಎಂದೆ. ಅಮ್ಮ "ಸರಿ" ಎಂದಳು.

ಕಲ್ಯಾಣದುರ್ಗ, ಮದುವೆ ಎಂಬ ಎರಡು ಮಾತುಗಳನ್ನು ಅಮ್ಮನೆದುರು ಒಟ್ಟಿಗೆ ಆಡಬಾರದೆಂದು ನನಗೆ ಹೊಳೆಯಬೇಕಿತ್ತು. ಹಿಂದೊಮ್ಮೆ ನಮ್ಮ ದೊಡ್ಡ ತಪ್ಪಲೆ ಚಿಕ್ಕಮ್ಮನ ಮನೆಯ ಮದುವೆಗೆಂದು ಅಲ್ಲಿಗೆ ಹೋದದ್ದು ಮರಳಿರಲಿಲ್ಲ. ಬಹಳ ದಿನಗಳ ಮೇಲೆ ಕುಂದುರ್ಪಿಯಲ್ಲಿ ಯಾರದೋ ಮದುವೆಯ ಊಟಕ್ಕೆ ಕೂತಾಗ, ಸಾರು ತುಂಬಿಕೊಂಡು ಬಂದ ತಪ್ಪಲೆಯ ಮೇಲೆ ಅಮ್ಮ ತನ್ನ ಹೆಸರನ್ನು ಓದಿದಳು. ಏನೂ ಗಲಾಟೆ ಮಾಡಲಿಲ್ಲ. ಊಟ ಮುಗಿಸಿ, ಉಳಿದ ಸಾರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಬೆಳಗಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು.

ನಾನು ಬೆಡ್‌ಶೀಟ್ ಬಿಚ್ಚದೆಯೇ ಆಂಪ್ಲಿಫೈಯರನ್ನು ಹೊತ್ತುಕೊಂಡು ಅಂಥದೇ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಹೆಂಗಸು ಇದು ಔಷಧಿ ಹೊಡೆಯುವ ಮಷಿನ್ನಾ ಎಂದು ಕೇಳಿದಳು. ಅಲ್ಲವೆಂದರೆ ಮುಂದಿನ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆಂದು ತಲೆಯಾಡಿಸಿದೆ. ಕಡಲೆಗಿಡಕ್ಕೆ ಬೀಳುವ ಹುಳುವಿನ ಬಗ್ಗೆ ಅವಳು ಇಳಿಯುವವರೆಗೂ ಮಾತಾಡಿದಳು. ನಾನು ಗಂಭೀರವಾಗಿ ಕೇಳಿಸಿಕೊಂಡೆ.

ತಿಪ್ಪೇಸ್ವಾಮಿಯವರ ಶೆಡ್ಡಿನಲ್ಲಿ ಚಿಕ್ಕಮ್ಮನೂ ಇದ್ದಳು. ನಾನು ಪೆಡಲುಗಳನ್ನು ಒಂದೊಂದಾಗಿ ಬಟ್ಟೆ ಬಿಚ್ಚಿ ಜೋಡಿಸಿದೆ. ಸುತ್ತಿದ ಬಟ್ಟೆ ನಾನು ಸುತ್ತಿದಂತೆಯೇ ಇತ್ತು, ಮಡಿಕೆ ಕೂಡ ಬದಲಾಗಿರಲಿಲ್ಲ. ಅವರು ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಅದರ ಮೇಲೆ ತೆಲುಗು ಅಕ್ಷರದಲ್ಲಿ, ಚುಕ್ಕೆ ಚುಕ್ಕೆಯಾಗಿ, 'ರತ್ನಮ್ಮ, ಹಿಂದೂಪುರಂ' ಎಂದಿತ್ತು. ಮಿಕ್ಕವುಗಳ ಮೇಲೂ ಇತ್ತು. ಬೆಡ್‌ಶೀಟ್ ತೆಗೆದರೆ, ಆಂಪ್ಲಿಫೈಯರಿನ ಮುಂಭಾಗದ ಸ್ಟೀಲ್ ಪಟ್ಟಿಯ ಮೇಲೆ ಜಾಗ ವಿಶಾಲವಾಗಿದ್ದರಿಂದ ಅಕ್ಷರಗಳೂ ದೊಡ್ಡದಾಗಿದ್ದವು. ನಾನು ಕಾಲೇಜಿಗೆ ಹೋಗಿದ್ದಾಗ ಅಮ್ಮ ಪಾತ್ರೆ ಅಂಗಡಿಯವರನ್ನು ಮನೆಗೇ ಕರೆಸಿದ್ದಾಳೆ.

"ರತ್ನಮ್ಮ ಅಂದ್ರೆ ನೀವೇನಮ್ಮ?" ಎಂದು ತಿಪ್ಪೇಸ್ವಾಮಿ ಕೇಳಿದರು.

"ಅಲ್ಲ, ನಮ್ಮಮ್ಮ. ಸಾಮಾನು ನನ್ನದೇ."

ಅವರು ಪೆಡಲನ್ನು ಮೆತ್ತಗೆ ಕೆಳಗಿಟ್ಟರು. "ಅದೆಂಗಾಯ್ತದೆ ಕಣಮ್ಮ? ಎಸ್ರು ಯಾರ್ದೋ ಸಾಮಾನು ಅವ್ರುದೇ. ನಾಳೆ ಯಾವ್ದೋ ಮದ್ವೇಲಿ ಇದ್ನ ಇಟ್ಕಂಡು ಕುಂತಿರ್ತೀನಿ. ಯಾರೋ ಬಂದು, ಏಮಯ್ಯಾ, ರತ್ನಮ್ಮನೋರ ಸಾಮಾನು ಇನ್ನೂ ಕೊಟ್ಟಿಲ್ವಾ ಅಂದ್ರೆ ನನ್ ಮರ್ವಾದೆ ಏನಾಗ್ಬೇಕು?"

ಗೀಚಿದ ಹೆಸರಿನಿಂದ ಯಂತ್ರಕ್ಕೇನೂ ಆಗಿಲ್ಲವೆಂದು ವಿವರಿಸಿದೆ. ಅವರು ಯಂತ್ರದ ಬಗ್ಗೆ ಸಂಶಯವೇ ಇಲ್ಲವೆಂದರು. ಅಷ್ಟು ದೂರದಿಂದ ಹೊತ್ತು ತಂದಿದ್ದೀರಿ, ಒಂದು ಸಲ ಬಾರಿಸಿ ಹೋಗಿ ಎಂದು ಉಪಚಾರಕ್ಕೆಂಬಂತೆ ಹೇಳಿದರು. ನಾನು ತಂತಿ ಸಿಕ್ಕಿಸಿ, ಶ್ರುತಿ ಮಾಡಿ, ಒರಟು ದನಿಯ ಪೆಡಲಿನ ಮೇಲೆ ಕಾಲಿಟ್ಟೆ. ನನ್ನ ಕಾಲ ಕೆಳಗೆ ಅಮ್ಮನ ಹೆಸರಿತ್ತು. ಕಾಲನ್ನು ತೆಗೆದು, ಬಗ್ಗಿ, ಕೈಯಿಂದ ಒತ್ತಿದೆ. ಆಮೇಲೆ ನುಡಿಸಿದೆ. ಏನು ನುಡಿಸಿದೆನೆಂದು ಹೇಳಲಾರೆ. ಶೆಡ್ಡಿನ ತಗಡು ನಡುಗುತ್ತಿತ್ತು, ಅಷ್ಟು ದಿನ ಸುಮ್ಮನಿದ್ದ ಕೈ ನನ್ನನ್ನು ಕೇಳದೆಯೇ ಮುಂದಕ್ಕೆ ಹೋಗುತ್ತಿತ್ತು. ತಿಪ್ಪೇಸ್ವಾಮಿ ಹೋಗಿ ತಮ್ಮ ಕೀಬೋರ್ಡಿನ ಮುಂದೆ ಕೂತು ಜೊತೆ ಸೇರಿಕೊಂಡರು.

ನಿಲ್ಲಿಸಿದಾಗ ಅವರು ಅಂದರು: "ಕೊಂಡ್ಕಳಾದು ಬ್ಯಾಡ. ಎರವಲಿಗಾದ್ರೆ ಬರೋ ಬಾನುವಾರದ ಮದ್ವೆಗೆ ಇಸ್ಕತೀನಿ. ಆದ್ರೆ ಸಾಮಾನಿನ ಜೊತೆ ಸಾಮಾನಿನೋರೂ ಬರ್ಬೇಕು."

ಅಂದರೆ ಅಮ್ಮನಿಗೆ ನಾನು ಹೇಳಿದ್ದ ಮದುವೆ ಒಂದು ವಾರ ತಡವಾಗಿ ನಿಜವಾಗುವುದರಲ್ಲಿತ್ತು. ಬಸ್ ಸ್ಟ್ಯಾಂಡಿಗೆ ಬರುವಾಗ ಚಿಕ್ಕಮ್ಮ, ಕೇಳದಿದ್ದರೂ, ಹೇಳಿದಳು. "ನೀ ಮಾರ್ತೀಯ ಅಂತ ನಮ್ಮಕ್ಕಂಗೆ ಅವತ್ತೇ ಯೋಳ್ಬುಟ್ಟೆ ಕಣೆ, ತಪ್ಪು ತಿಳ್ಕಬ್ಯಾಡ. ಅವ್ಳೇನೂ ಅನ್ಲಿಲ್ಲ. ಸರಿ ಅಂದು ಫೋನ್ ಇಟ್ಬುಟ್ಳು." ಹಾಗೆ ಸರಿ ಎಂದು ಫೋನ್ ಇಡುವವರ ಮನಸ್ಸಿನಲ್ಲಿ ಏನಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ನಾನೂ ಹಾಗೆಯೇ ಇಡುತ್ತೇನೆ.

ಮನೆಗೆ ಬಂದಾಗ ಅಮ್ಮ "ಎಲ್ಲಾ ಬಂದ್ವಾ?" ಎಂದು ಕೇಳಿ, ಮದುವೆಯಿಂದ ಮರಳಿದ ಪಾತ್ರೆಗಳನ್ನು ನೋಡುವಂತೆ ಒಂದೊಂದನ್ನೂ ತಿರುಗಿಸಿ ನೋಡಿದಳು. ಎರವಲಿನ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ಮರಳಿಸುವುದಿಲ್ಲ. ತಿಪ್ಪೇಸ್ವಾಮಿಯವರ ಹೆಂಡತಿ ಗಿಟಾರಿನ ಚೀಲದ ಜೇಬಿಗೆ ಕಡಲೆಕಾಯಿ ತುಂಬಿ ಕಳಿಸಿದ್ದರು. ಅಮ್ಮ ಅದನ್ನು ಮೊರಕ್ಕೆ ಸುರಿದುಕೊಂಡಳು. ಹೆಸರಿನ ವಿಷಯ ನಾನು ಎತ್ತಲಿಲ್ಲ, ಮಾರಾಟದ ವಿಷಯ ಅವಳು ಎತ್ತಲಿಲ್ಲ. ಇಬ್ಬರೂ ಕೂತು ಕಡಲೆಕಾಯಿ ಸುಲಿದೆವು.

ಮುಂದಿನ ಭಾನುವಾರ ಮದುವೆಯ ವೇದಿಕೆಯ ಮೇಲೆ ನಿರೂಪಕರು ಎಲ್ಲರನ್ನೂ ಪರಿಚಯಿಸುತ್ತಾ ನನ್ನ ಹತ್ತಿರ ಬಂದು, ಹೆಸರೇನೆಂದು ಕಣ್ಣಲ್ಲೇ ಕೇಳಿದರು. ನಾನು ಶ್ರುತಿ ನೋಡುವವಳಂತೆ ತಂತಿಗಳ ಮೇಲೆ ತಲೆ ಬಗ್ಗಿಸಿದೆ. ಅವರು ಬಗ್ಗಿ ಆಂಪ್ಲಿಫೈಯರಿನ ಪಟ್ಟಿಯನ್ನು ಓದಿಕೊಂಡು, ಮೈಕಿನಲ್ಲಿ ಹೇಳಿಯೇಬಿಟ್ಟರು: "ಗಿಟಾರ್, ಹಿಂದೂಪುರಂ ರತ್ನಮ್ಮ ಗಾರು." ಜನ ಚಪ್ಪಾಳೆ ತಟ್ಟಿದರು. ತಿದ್ದಬಹುದಿತ್ತು, ತಿದ್ದಲಿಲ್ಲ. ಅಂದಿನಿಂದ ಕಲ್ಯಾಣದುರ್ಗದಿಂದ ಪರಿಗಿಯವರೆಗೆ ಮದುವೆಮನೆಗಳಲ್ಲಿ ನಾನು ರತ್ನಮ್ಮ. ನನ್ನ ಹೆಸರು ನನ್ನ ಬಳಿ ಕ್ಷೇಮವಾಗಿದೆ.

ಸುದ್ದಿ ಚಿಕ್ಕಮ್ಮನ ಮೂಲಕ ನನಗಿಂತ ಮೊದಲೇ ಮನೆ ಸೇರಿತ್ತು. ಮರುದಿನ ಊಟ ಬಡಿಸುತ್ತಾ ಅಮ್ಮ, ನನ್ನ ಕಡೆ ನೋಡದೆ, ಅಂದಳು: "ನಾನು ಗಿಟಾರ್ ಚೆನ್ನಾಗಿ ಬಾರಿಸ್ತೀನಂತೆ. ನಿಮ್ ಚಿಕ್ಕಮ್ಮ ಯೋಳಿದ್ಲು."

ನಾನೂ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೌದಂತೆ. ಶಬ್ದ ಮಾತ್ರ ಸ್ವಲ್ಪ ಜಾಸ್ತಿಯಂತೆ," ಎಂದೆ.